ಅತಿಥಿಯಾಗಿಯೇ ಮುಂದುವರಿಸುವುದು

ಹೊಳೆನರಸೀಪುರದ ತಿರುನಾರಾಯಣ ಮೇಷ್ಟ್ರಿಗೆ ಈಗ ಐವತ್ತೊಂದು ವರ್ಷ. ಅದರಲ್ಲಿ ಹದಿನೇಳು ವರ್ಷ ಅವರು ಅತಿಥಿ. ಯಾರ ಮನೆಗೂ ಅಲ್ಲ. ಹಾಸನದಿಂದ ಚನ್ನರಾಯಪಟ್ಟಣದ ಕಡೆ ಹೋಗುವ ಹೆದ್ದಾರಿಯ ಪಕ್ಕದ ಒಂದು ಎಂಜಿನಿಯರಿಂಗ್ ಕಾಲೇಜಿಗೆ. ಪೂರ್ತಿ ಹೆಸರು ಅತಿಥಿ ಉಪನ್ಯಾಸಕ. ಬೇರೆ ಅತಿಥಿಗಳಿಗಾದರೆ ಕಾಫಿ ಕೊಟ್ಟು, ಇನ್ನೂ ಸ್ವಲ್ಪ ಹೊತ್ತು ಕೂತ್ಕೊಳ್ಳಿ ಅನ್ನುತ್ತಾರೆ. ಈ ಅತಿಥಿಗೆ ವರ್ಷಕ್ಕೊಮ್ಮೆ ‘ಹೋಗಿ’ ಎಂದು, ಮೂರು ತಿಂಗಳ ಮೇಲೆ ‘ಬನ್ನಿ’ ಎಂದು ಒಂದೊಂದು ಪತ್ರ ಬರುತ್ತದೆ. ನಡುವಿನ ದಿನಗಳಲ್ಲಿ ಎರಡನೇ ಪತ್ರ ಬರುತ್ತದೋ ಇಲ್ಲವೋ ಎಂದು ಗೆಸ್ ಮಾಡುವುದೇ ಗೆಸ್ಟ್‌ನ ಕೆಲಸ.

“ಕಾಯಂ ಆಗೋಕೆ ಕಾಯೋದು. ಅದೊಂದೇ ನಿಮಗೆ ಸಿಕ್ಕಿರೋ ಕಾಯಂ ಕೆಲಸ,” ಎಂದು ಅವರ ಹೆಂಡತಿ ವಸಂತ ಹೇಳುವುದುಂಟು. ವಸಂತ ಊರಿನ ಪ್ರೌಢಶಾಲೆಯಲ್ಲಿ ಕನ್ನಡ ಟೀಚರು. ಅವರು ಕಾಯಂ. ಹಾಗಾಗಿ ಮಾತಿನಲ್ಲಿ ಆಟವಾಡುವ ಅಧಿಕಾರ ಆ ಮನೆಯಲ್ಲಿ ಅವರದೇ.

ಮೇಷ್ಟ್ರು ಮೊದಲಿನಿಂದ ಮೇಷ್ಟ್ರಲ್ಲ. ಬೆಂಗಳೂರಿನ ಒಂದು ವಿಮಾ ಕಂಪನಿಯ ಕಂಪ್ಯೂಟರ್ ಹಾಲಿನಲ್ಲಿ ಒಂಬತ್ತು ವರ್ಷ, ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು, ಮೇನ್‌ಫ್ರೇಮ್ ನೋಡಿಕೊಂಡವರು. ಮೇನ್‌ಫ್ರೇಮ್ ಅಂದರೆ ಬ್ಯಾಂಕು, ವಿಮೆಯಂಥವರ ಕೆಲಸವನ್ನೆಲ್ಲ ಒಂದೇ ಕಡೆ ಕೂತು ಮುಗಿಸುವ ದೊಡ್ಡ ಕಂಪ್ಯೂಟರು. ಅದರ ಮೇಲೆ ವಿಎಂ ಎಂಬ ಯಜಮಾನ ವ್ಯವಸ್ಥೆಯೊಂದನ್ನು ಕೂರಿಸಿದರೆ ಒಂದೇ ಯಂತ್ರ ನೂರು ಯಂತ್ರಗಳಂತೆ ನಟಿಸುತ್ತದೆ. ಒಂದೇ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡಿದ ಹಾಗೆ. ಇಲ್ಲಿ ಮಾತ್ರ ಪ್ರತಿಯೊಬ್ಬ ತಮ್ಮನೂ ಇಡೀ ಮನೆ ತನ್ನದೇ ಅಂದುಕೊಂಡಿರುತ್ತಾನೆ, ಆದ್ದರಿಂದ ಜಗಳವಿಲ್ಲ. ಆ ಕಂಪನಿ ತನ್ನ ಕಂಪ್ಯೂಟರ್ ಕೆಲಸವನ್ನೆಲ್ಲ ಹೊರಗಿನವರಿಗೆ ವಹಿಸಿದಾಗ ತಿರುನಾರಾಯಣರ ಕೈಗೆ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿತು. ಅವರು ಊರಿಗೆ ಬಂದು, ಈ ಕಾಲೇಜು ಸೇರಿ, ತಮಗೆ ಬರುವುದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಪಾಠ ಮಾಡಿದರು.

ಹೀಗಿರುವಾಗ ಹೋದ ಆಷಾಢದಲ್ಲಿ, ಬೆಂಗಳೂರಿನ ಯಾವುದೋ ಸಂಸ್ಥೆ ತನಗೆ ಬೇಡವಾದ ಒಂದು ಮೇನ್‌ಫ್ರೇಮನ್ನು ಕಾಲೇಜಿಗೆ ದಾನ ಕೊಟ್ಟಿತು. ಲಾರಿಯಿಂದ ಇಳಿಸುವಾಗ ಅಟೆಂಡರ್ ಚಲುವಯ್ಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಆರಡಿ ಎತ್ತರ, ಕಪ್ಪು ಮೈ, ಅಗಲ ಬೆನ್ನು.

“ಇದ್ರ ಎಸ್ರೇನು ಸಾ?”

“ಇದಕ್ಕೆ ವಿಎಂ ಹಾಕ್ತೀವಿ ಚಲುವಯ್ಯ.”

“ವಿ ಎಮ್ಮೆ,” ಎಂದು ಚಲುವಯ್ಯ ತಲೆದೂಗಿದ. “ಸರ್ಯಾಗದೆ ಬುಡಿ.”

ಅವತ್ತಿನಿಂದ ಕಾಲೇಜಿನಲ್ಲಿ ಅದು ಎಮ್ಮೆಯೇ. ಪ್ರಿನ್ಸಿಪಾಲ್ ಗೌರೀಶಂಕರ ಅವರು ಮೇಷ್ಟ್ರನ್ನು ತಮ್ಮ ಕೊಠಡಿಗೆ ಕರೆಸಿ, ಹದಿನೇಳು ವರ್ಷದಲ್ಲಿ ಮೊದಲ ಬಾರಿಗೆ ಕುರ್ಚಿ ತೋರಿಸಿದರು.

“ನೋಡಿ ತಿರುನಾರಾಯಣ್, ಹದಿಮೂರನೇ ತಾರೀಕು ತಪಾಸಣಾ ಸಮಿತಿ ಬರುತ್ತೆ. ಅಷ್ಟರಲ್ಲಿ ಮೆಷಿನ್ ಓಡ್ತಿರಬೇಕು. ಓಡಿದರೆ ನಮಗೆ ಹೊಸ ಲ್ಯಾಬು. ಲ್ಯಾಬಿಗೆ ಒಂದು ಕಾಯಂ ಹುದ್ದೆ. ಆ ಹುದ್ದೆಗೆ ನೀವಲ್ಲದೆ ಇನ್ಯಾರಿದಾರೆ ಹೇಳಿ?”

ಈ ಜಿಲ್ಲೆಯಲ್ಲಿ ವಿಎಂ ಬಲ್ಲವರು ಇನ್ಯಾರೂ ಇಲ್ಲವೆಂಬುದು ನಿಜವೇ. ಮೇಷ್ಟ್ರು ಆ ಸಂಜೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಹೊಳೆನರಸೀಪುರದ ಬಸ್ಸು ಹತ್ತಿ, ಎಂದೂ ಇಲ್ಲದೆ ಕಿಟಕಿ ಪಕ್ಕದ ಸೀಟಿಗಾಗಿ ಒಬ್ಬರ ಹತ್ತಿರ ವಾದ ಮಾಡಿದರು.

ಉಳಿದಿದ್ದು ಹನ್ನೆರಡು ದಿನ. ಯಂತ್ರದ ಒಳಗೆ ಹಳೆಯ ವಿಎಂ ಒಂದು ಹಾಗೇ ಉಳಿದಿತ್ತು, ಆದರೆ ತುಂಬ ಹಿಂದಿನದು. ಕಲಿಕೆಗೆಂದು ಕಾಲೇಜಿಗೆ ಪರವಾನಗಿ ಸಿಕ್ಕಿದ್ದು ಹೊಸದಕ್ಕೆ. ಹೊಸದನ್ನು ಒಳಗೆ ತುಂಬಲು ಮೂರು ದಾರಿ: ಟೇಪು, ಡಿಸ್ಕು, ನೆಟ್‌ವರ್ಕು. ಟೇಪು ಓದುವ ಯಂತ್ರ ಲಾರಿ ಹತ್ತಿರಲೇ ಇಲ್ಲ. ಅದನ್ನು ದಾನಿಗಳು ಗುಜರಿಗೆ ದಾನ ಮಾಡಿದ್ದರು. ನೆಟ್‌ವರ್ಕು ಅಂದರೆ ಕಡತಗಳನ್ನೆಲ್ಲ ಇನ್ನೊಂದು ಕಂಪ್ಯೂಟರಿನಲ್ಲಿ ಇಟ್ಟು ಅಲ್ಲಿಂದ ಎಳೆಸಬೇಕು. ಕಾಲೇಜಿನ ನೆಟ್‌ವರ್ಕಿನ ಮೂಲಪೆಟ್ಟಿಗೆ ಇದ್ದದ್ದು ಕ್ಯಾಂಟೀನಿನಲ್ಲಿ, ಗ್ರೈಂಡರಿನ ಪಕ್ಕ. ದೋಸೆ ಹಿಟ್ಟು ರುಬ್ಬಲು ಪ್ಲಗ್ ಬೇಕಾದಾಗ ಇಡೀ ಕಾಲೇಜಿನ ಸಂಪರ್ಕ ಕಳಚಿಕೊಳ್ಳುತ್ತಿತ್ತು. ಮೇಷ್ಟ್ರು ಎರಡು ದಿನ ಕ್ಯಾಂಟೀನಿನವನ ಕಾಲು ಹಿಡಿದರು. ಮೂರನೇ ದಿನ ಅವನು ಚಟ್ನಿಗೂ ಅದೇ ಪ್ಲಗ್ ಬಳಸಿದ.

ಉಳಿದದ್ದು ಡಿಸ್ಕು. ಎಮ್ಮೆಯ ಜೊತೆ ಬಂದಿದ್ದ ನಿಯಂತ್ರಣ ಕಂಪ್ಯೂಟರಿನಲ್ಲಿ ಡಿವಿಡಿ ತೂರಿಸುವ ಬಾಯಿ ಇತ್ತು, ಅದು ಕೆಲಸವನ್ನೂ ಮಾಡುತ್ತಿತ್ತು. ಆದರೆ ಈ ಕಾಲದಲ್ಲಿ ಖಾಲಿ ಡಿವಿಡಿ ಎಲ್ಲಿ ಸಿಗಬೇಕು? ಹಾಸನದ ಅಂಗಡಿಯೊಂದರಲ್ಲಿ ಕೇಳಿದಾಗ ಕೌಂಟರಿನ ಹುಡುಗಿ ಒಳಗಿದ್ದವರನ್ನೆಲ್ಲ ಕರೆದು ಮೇಷ್ಟ್ರನ್ನು ತೋರಿಸಿದಳು. ಕೊನೆಗೆ ಚನ್ನರಾಯಪಟ್ಟಣದ ಒಂದು ಮದುವೆ ವಿಡಿಯೋ ಸ್ಟುಡಿಯೋದಲ್ಲಿ ಒಂದು ಕಟ್ಟು ಸಿಕ್ಕಿತು.

“ಯಾರ್ ಮದ್ವೆ ಸಾ?” ಎಂದ ಸ್ಟುಡಿಯೋದ ದಿಲೀಪ.

“ಎಮ್ಮೇದು,” ಎಂದರು ಮೇಷ್ಟ್ರು. ಅವರ ತಾಳ್ಮೆ ಆಗಲೇ ತಳ ಕಂಡಿತ್ತು.

ದಿಲೀಪ ಮತ್ತೇನೂ ಕೇಳದೆ ಪ್ರತಿ ಡಿಸ್ಕಿಗೂ ‘ಶುಭ ವಿವಾಹ’ ಎಂದು ಅಚ್ಚಾದ ಕವರು ಕೊಟ್ಟ.

ಇನ್ನು ಕೊನೆಯ ಆಯ್ಕೆ ಉಳಿದಿತ್ತು, ಅದೇ ದೊಡ್ಡದು. ಹಳೆಯ ವ್ಯವಸ್ಥೆಯನ್ನು ಅಳಿಸಿ ಹೊಸದನ್ನು ನೇರ ಯಂತ್ರದ ಮೇಲೆಯೇ ಕೂರಿಸುವುದು ಒಂದು ರೀತಿ. ಆಗ ಹೊಸದೇ ಯಜಮಾನ. ಹಳೆಯದನ್ನು ಹಾಗೇ ಬಿಟ್ಟು, ಅದರ ಒಳಗೊಂದು ಕೋಣೆ ಮಾಡಿ ಹೊಸದನ್ನು ಅಲ್ಲಿ ಕೂರಿಸುವುದು ಇನ್ನೊಂದು. ಹೀಗೆ ಕೂತದ್ದಕ್ಕೆ ಆ ಲೋಕದಲ್ಲಿ ‘ಗೆಸ್ಟ್’ ಎಂದೇ ಹೆಸರು. ಅಪಾಯ ಕಡಿಮೆ, ಓಟ ನಿಧಾನ, ಎಲ್ಲದಕ್ಕೂ ಹಳೆಯ ಯಜಮಾನನ ಮುಖ ನೋಡಬೇಕು. ಗೆಸ್ಟ್ ಎಂಬ ಶಬ್ದ ಕೇಳಿದರೇ ಮೇಷ್ಟ್ರಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ಅವರು ಮೊದಲನೆಯದನ್ನೇ ಆರಿಸಿಕೊಂಡರು. ತಾವಂತೂ ಆಗಲಿಲ್ಲ, ತಮ್ಮ ಕೈಯಿಂದ ಕೂರುವುದಾದರೂ ಯಜಮಾನನಾಗಿ ಕೂರಲಿ.

ಆದರೆ ದಾನ ಬಂದ ಆಸ್ತಿಯೊಳಗಿನ ಏನನ್ನಾದರೂ ಅಳಿಸಬೇಕೆಂದರೆ ಆಡಳಿತ ಮಂಡಳಿಯ ಒಪ್ಪಿಗೆ ಬೇಕು. ಒಪ್ಪಿಗೆಗೆ ಟಿಪ್ಪಣಿ ಬೇಕು. ಟಿಪ್ಪಣಿ ಕನ್ನಡದಲ್ಲೇ ಇರಬೇಕು, ಯಾಕೆಂದರೆ ಮಂಡಳಿಯ ಕಾರ್ಯದರ್ಶಿ ಕೃಷ್ಣಪ್ಪನವರು ಇಂಗ್ಲಿಷ್ ಕಾಗದವನ್ನು ಮುಟ್ಟುವುದಿಲ್ಲ. ಇದನ್ನು ಹೇಳಿದವರು ಆಫೀಸ್ ಸೂಪರಿಂಟೆಂಡೆಂಟ್ ಚಿಕ್ಕಲಕ್ಷ್ಮಮ್ಮ. ಅರಕಲಗೂಡಿನ ಮಲ್ಲಿಪಟ್ಟಣದ ಕಡೆಯವರು, ಇಪ್ಪತ್ತೆಂಟು ವರ್ಷದ ಸರ್ವೀಸು. ಕಾಲೇಜಿನ ಯಾವ ಕಾಗದ ಎಲ್ಲಿ ಸತ್ತುಬಿದ್ದಿದೆ ಎಂದು ಬಲ್ಲ ಏಕೈಕ ಜೀವ.

ಮೇಷ್ಟ್ರು ಅವರ ಮೇಜಿನ ಮುಂದೆ ಕೂತು ಬರೆದರು: ‘ಹೊಸ ವ್ಯವಸ್ಥೆಯನ್ನು ನೇರವಾಗಿ ಸ್ಥಾಪಿಸುವ ಬಗ್ಗೆ.’

ಚಿಕ್ಕಲಕ್ಷ್ಮಮ್ಮ ಕನ್ನಡಕದ ಮೇಲಿಂದ ನೋಡಿದರು. “ನೇರವಾಗಿ ಅಂತ ಬರೀಬ್ಯಾಡಿ ಸಾ. ನೇರ ಅಂದೇಟ್ಗೆ ನೇರ ನೇಮಕಾತಿ ಅನ್ಕಂತಾರೆ. ಓದ್ಸಲ ಒಂದ್ ನಲ್ಲಿ ಪೈಪ್ ವಿಷ್ಯಕ್ಕೂ ಅಂಗೇ ಆಗಿತ್ತು.”

“ಮತ್ತೇನು ಬರೀಲಿ ಚಿಕ್ಕಲಕ್ಷ್ಮಮ್ಮನವರೇ? ಗಟ್ಟಿಯಾಗಿ, ಯಂತ್ರದ ಮೇಲೇ ಕೂತ್ಕೊಳ್ಳೋದು ಅಂತ ಅರ್ಥ ಬರಬೇಕು.”

“ಕಾಯಂ ಅಂತ ಬರೀರಿ. ಎಲ್ರಿಗೂ ತಿಳೀತದೆ.”

ತಿಳಿಯುತ್ತದೆ ಎಂಬುದರಲ್ಲಿ ತಪ್ಪೇನೂ ಇರಲಿಲ್ಲ. ಟಿಪ್ಪಣಿ ಕೊನೆಗೆ ಹೀಗೆ ನಿಂತಿತು: ‘ಹಳೆಯದನ್ನು ತೆಗೆದುಹಾಕಿ ಹೊಸದನ್ನು ಕಾಯಂ ಆಗಿ ಸ್ಥಾಪಿಸುವುದೇ ಅಥವಾ ಹಳೆಯದರ ಅಧೀನದಲ್ಲಿ ಅತಿಥಿಯಾಗಿ ಮುಂದುವರಿಸುವುದೇ ಎಂಬ ಬಗ್ಗೆ ಆದೇಶ ಕೋರಿದೆ. ಕಾಯಂ ಮಾಡುವುದು ಸೂಕ್ತವೆಂದು ಅಭಿಪ್ರಾಯಪಡಲಾಗಿದೆ.’ ಕೆಳಗೆ ಸಹಿ: ತಿರುನಾರಾಯಣ, ಅತಿಥಿ ಉಪನ್ಯಾಸಕ.

ನಾಲ್ಕು ದಿನ ಕಡತ ಬರಲಿಲ್ಲ. ಐದನೇ ದಿನ ಬಂತು. ಅಂಚಿನಲ್ಲಿ ಹಸಿರು ಇಂಕಿನಲ್ಲಿ ಕೃಷ್ಣಪ್ಪನವರ ದುಂಡು ಅಕ್ಷರ: ‘ಪರಿಶೀಲಿಸಿದೆ. ಕಾಯಂ ಮಾಡಲು ಅವಕಾಶವಿಲ್ಲ. ಅತಿಥಿಯಾಗಿಯೇ ಮುಂದುವರಿಸುವುದು.’

ಮೇಷ್ಟ್ರ ಪಿತ್ತ ನೆತ್ತಿಗೇರಿತು. ತೆಂಗಿನಕಾಯಿ, ಕೊಬ್ಬರಿ ವ್ಯಾಪಾರದ ಕೃಷ್ಣಪ್ಪನವರಿಗೆ ವಿಎಂ ಯಾವ ಹಂತದಲ್ಲಿ ಕೂರಬೇಕೆಂಬ ವಿಚಾರದಲ್ಲಿ ಅಷ್ಟು ಖಚಿತ ಅಭಿಪ್ರಾಯ ಎಲ್ಲಿಂದ ಬಂತು? ಉಳಿದದ್ದು ಮೂರು ದಿನ. ಅವರು ಕಡತವನ್ನು ಕಂಕುಳಲ್ಲಿ ಇರುಕಿಕೊಂಡು ಹೆದ್ದಾರಿಗೆ ಬಂದು, ಕೈ ಅಡ್ಡ ಹಿಡಿದು, ನಿಂತೇ ಪ್ರಯಾಣ ಮಾಡಿ ಚನ್ನರಾಯಪಟ್ಟಣದಲ್ಲಿ ಇಳಿದರು.

ಕೃಷ್ಣಪ್ಪನವರು ತಮ್ಮ ಕಾಯಿ ಮಂಡಿಯ ಜಗಲಿಯಲ್ಲಿ ಕೊಬ್ಬರಿಯೊಂದನ್ನು ಬೆರಳಿನಿಂದ ತಟ್ಟಿ ಕಿವಿಗೆ ಹಿಡಿದಿದ್ದರು. ಒಳ್ಳೆಯ ಮನುಷ್ಯ. ಮೇಷ್ಟ್ರನ್ನು ಕಂಡು ಎದ್ದು ನಿಂತು, ಎಳನೀರು ಕೆತ್ತಿಸಿ ಕೊಟ್ಟರು.

“ಸಾರ್, ಈ ಆದೇಶದ ವಿಷಯ. ಇನ್ನೊಂದ್ಸಲ ಯೋಚನೆ ಮಾಡಬೇಕು ನೀವು.”

“ಮಾಡೇ ಬರ್ದಿರೋದು ಮೇಷ್ಟ್ರೆ. ಕಾಯಂ ಆಗಾಕಿಲ್ಲ.”

“ಅತಿಥಿಯಾಗಿ ಕೂರಿಸಿದರೆ ನಿಧಾನ ಆಗುತ್ತೆ ಸಾರ್. ಅದರ ಪೂರ್ತಿ ಶಕ್ತಿ ಹೊರಗೆ ಬರಲ್ಲ.”

“ಇಷ್ಟ್ ವರ್ಷ ಬಂದೈತಲ್ಲ. ಯಾರೂ ನಿಧಾನ ಅಂತ ಕಂಪ್ಲೇಂಟ್ ಯೋಳಿಲ್ಲ.”

ಮೇಷ್ಟ್ರಿಗೆ ಸ್ವಲ್ಪ ಗೊಂದಲವಾಯಿತು. ಯಂತ್ರ ಬಂದು ತಿಂಗಳೂ ಸರಿಯಾಗಿ ಆಗಿರಲಿಲ್ಲ. “ಆದರೆ ಹಳೆಯದು ತುಂಬ ಹಳೆಯದಾಯ್ತು ಸಾರ್. ಅದನ್ನ ತೆಗೆದುಹಾಕಲೇಬೇಕು. ಅದರ ಕೈಕೆಳಗೆ ಇರೋವರೆಗೂ ಹೊಸದು ಉದ್ಧಾರ ಆಗಲ್ಲ.”

ಕೃಷ್ಣಪ್ಪನವರು ಕೊಬ್ಬರಿಯನ್ನು ಕೆಳಗಿಟ್ಟು ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದರು. “ಮೇಷ್ಟ್ರೆ, ಅದ್ನ ಬರವಣಿಗೇಲಿ ಕೊಟ್ರಲ್ಲ, ನಂಗೆ ಅದೇ ಆಶ್ಚರ್ಯ. ಗೌರೀಶಂಕರಪ್ಪೋರು ನಿಮ್ಗೇನ್ ಮಾಡವ್ರೆ? ವಯಸ್ಸಾಗೈತೆ, ಒಪ್ತೀನಿ. ಅಂಗಂತ ತೆಗ್ದಾಕಿ ಅಂತ ಬರೆಯೋದಾ?”

“ಗೌರೀಶಂಕರ್ ಸಾರ್ ಯಾಕೆ ಬಂದ್ರು ಇದರಲ್ಲಿ?”

“ನೀವೇ ಬರ್ದಿದೀರಲ್ಲಪ್ಪ. ಅಳೇದನ್ನ ತೆಗ್ದಾಕಿ, ಒಸದನ್ನ ಕಾಯಂ ಮಾಡಿ. ಅವರ ಅಧೀನ್ದಾಗೆ ಅತಿಥಿಯಾಗಿ ಇರಾಕಾಗಲ್ಲ. ಕೆಳಗೆ ನಿಮ್ಮ ಸಹಿ.”

ಮೇಷ್ಟ್ರು ಎಳನೀರನ್ನು ಜಗಲಿಯ ಮೇಲಿಟ್ಟರು. ಕಡತ ಬಿಡಿಸಿ ಹೇಳಿದರು: “ಅದು ಯಂತ್ರದ ವಿಷಯ ಸಾರ್. ಕಂಪ್ಯೂಟರಿಂದು.”

“ಎಮ್ಮೆ ವಿಷ್ಯವಾ?” ಕೃಷ್ಣಪ್ಪನವರ ಮುಖ ಅರಳಿತು. ದೊಡ್ಡ ಹೊರೆ ಇಳಿದವರಂತೆ ಕಡತ ಎಳೆದುಕೊಂಡು ಪೆನ್ನು ತೆಗೆದರು. “ಮೊದ್ಲೇ ಯೋಳ್ಬಾರ್ದಾ? ಅದ್ನ ಧಾರಾಳವಾಗಿ ಕಾಯಂ ಮಾಡ್ಕಳಿ. ನಾನು ನಿಮ್ದು ಅನ್ಕಂಡ್ಬುಟ್ಟೆ.”

ಅವರು ಬರೆಯುತ್ತಿದ್ದರು. ಮೇಷ್ಟ್ರು ಹಸಿರು ಇಂಕು ಕಾಗದದ ಮೇಲೆ ಓಡುವುದನ್ನೇ ನೋಡುತ್ತಿದ್ದರು.

“ನಂದು ಅಂದ್ಕೊಂಡು, ಆಗಲ್ಲ ಅಂತ ಬರೆದ್ರಾ ಸಾರ್?”

ಪೆನ್ನು ನಿಂತಿತು. ಕೃಷ್ಣಪ್ಪನವರಿಗೆ ಸುಳ್ಳು ಹೇಳುವ ಅಭ್ಯಾಸ ಅಷ್ಟಾಗಿ ಇರಲಿಲ್ಲ. ವ್ಯಾಪಾರದಲ್ಲೂ ಅವರಿಗೆ ಅದೇ ಹೆಸರು. “ಬೇಜಾರ್ ಮಾಡ್ಕಬ್ಯಾಡಿ ಮೇಷ್ಟ್ರೆ. ಹದಿನಾಲ್ಕು ಜನ ಗೆಸ್ಟ್ ಅವ್ರೆ ನಮ್ಮಲ್ಲಿ. ಒಬ್ರಿಗೆ ಮಾಡುದ್ರೆ ನಾಳೀಕೆ ಅದ್ಮೂರು ಜನ ಈ ಜಗಲಿ ಮ್ಯಾಲೆ ಕುಂತಿರ್ತಾರೆ.”

“ಲ್ಯಾಬಿಗೆ ಒಂದು ಹುದ್ದೆ ಬರುತ್ತೆ, ಅದು ನನಗೆ ಅಂತ ಪ್ರಿನ್ಸಿಪಾಲರು ಹೇಳಿದ್ದರು.”

“ಉದ್ದೆ ಬತ್ತದೆ. ಉದ್ದೇನ ತುಂಬಾದು ಮಂಡ್ಳಿ. ಈಗೇನೂ ತುಂಬಾಕಿಲ್ಲ.” ಅವರು ಕಡತ ಮಡಿಚಿ ಕೊಟ್ಟರು. “ಎಳ್ನೀರ್ ಪೂರ್ತಿ ಕುಡೀರಿ. ಒಳ್ಗೆ ತಿನ್ನಾಕೆ ಗಂಜಿ ಇರ್ತದೆ, ಕೆತ್ಸಿ ಕೊಡ್ತೀನಿ.”

ವಾಪಸು ಬರುವ ಬಸ್ಸಿನಲ್ಲಿ ಸೀಟು ಸಿಕ್ಕಿತು. ಮೇಷ್ಟ್ರು ಕಡತ ಬಿಡಿಸಿ ಓದಿದರು. ಮೊದಲ ಆದೇಶಕ್ಕೆ ಅಡ್ಡಗೀಟು ಇರಲಿಲ್ಲ. ಅದರ ಕೆಳಗೆ ಇನ್ನೊಂದು ಸಾಲು: ‘ಯಂತ್ರವನ್ನು ಕಾಯಂ ಮಾಡುವುದು. ಉಳಿದಂತೆ ಮೇಲಿನ ಆದೇಶ ಊರ್ಜಿತ.’ ಹದಿನೇಳು ವರ್ಷ ಯಾರೂ ಬರೆದು ಕೊಡದೆ ಉಳಿಸಿಕೊಂಡಿದ್ದ ಉತ್ತರವನ್ನು ಅವರೇ ಟಿಪ್ಪಣಿ ಹಾಕಿ, ಮೇಜಿಂದ ಮೇಜಿಗೆ ಓಡಾಡಿಸಿ, ಬಸ್ ಹತ್ತಿ ಹೋಗಿ ತಂದುಕೊಂಡಿದ್ದರು.

ಮನೆಯಲ್ಲಿ ವಸಂತ ಕಡತವನ್ನು ಎರಡು ಸಲ ಓದಿದರು. ಯಾವ ಆಟವನ್ನೂ ಆಡಲಿಲ್ಲ. “ವ್ಯಾಕರಣದಲ್ಲಿ ತಪ್ಪಿಲ್ಲ,” ಎಂದಷ್ಟೇ ಹೇಳಿ ಅನ್ನಕ್ಕಿಡಲು ಒಳಗೆ ಹೋದರು.

ಮಾರನೆಯ ದಿನ ಬೆಳಿಗ್ಗೆ ಮೇಷ್ಟ್ರು ಎಮ್ಮೆಯ ಮುಂದೆ ಕೂತರು. ಒಪ್ಪಿಗೆ ಕೈಯಲ್ಲಿತ್ತು. ಹಳೆಯದನ್ನು ಅಳಿಸಬಹುದು, ಹೊಸದನ್ನು ಯಜಮಾನನಾಗಿ ಕೂರಿಸಬಹುದು. ಕೂರಿಸಿದ ಮೇಲೆ? ನಾಡಿದ್ದು ಅದು ಮುಗ್ಗರಿಸಿದರೆ ಎತ್ತಿ ನಿಲ್ಲಿಸಲು ಬಲ್ಲವರು ಒಬ್ಬರೇ. ಕಾಲೇಜಿನವರು ಫೋನು ಮಾಡುತ್ತಾರೆ, ತಾವು ಬಸ್ ಹತ್ತಬೇಕು, ‘ಬನ್ನಿ’ ಪತ್ರ ಬರದ ತಿಂಗಳಲ್ಲೂ ಹತ್ತಬೇಕು ಎಂದು ಅವರು ತಮಗೇ ಹೇಳಿಕೊಂಡರು. ಕಾಯಂ ಯಂತ್ರಕ್ಕೆ ಕಾಯಂ ಆಳು ಬೇಕು. ಅತಿಥಿಯಾಗಿ ಹಾಕಿದರೆ ಅದು ಮಲಗಿಕೊಂಡರೂ ಹಳೆಯದು ತನ್ನ ಪಾಡಿಗೆ ಓಡುತ್ತಿರುತ್ತದೆ. ಯಾರೂ ಯಾರನ್ನೂ ಕರೆಯಬೇಕಾಗಿಲ್ಲ.

ಅವರು ಎರಡನೇ ರೀತಿಯನ್ನು ಆರಿಸಿದರು. ಕಾರ್ಯದರ್ಶಿಗಳ ಎರಡನೇ ಆದೇಶಕ್ಕೆ ವಿರುದ್ಧವಾಗಿ, ಮೊದಲನೆಯದಕ್ಕೆ ಸರಿಯಾಗಿ.

‘ಶುಭ ವಿವಾಹ’ದ ಡಿಸ್ಕುಗಳು ಒಂದಾದ ಮೇಲೊಂದು ಒಳಗೆ ಹೋದವು. ಮೂರನೆಯದು ಅರ್ಧಕ್ಕೆ ಕೆಟ್ಟಿತು. ಅದನ್ನು ಮತ್ತೆ ಬರೆದು ಹಾಕಬೇಕಾಯಿತು. ಕೋಣೆಯ ಎಸಿ ಎರಡು ಸಲ ನಿಂತಿತು. ಚಲುವಯ್ಯ ಬೀಸಣಿಗೆ ತಂದು, ಮೇಷ್ಟ್ರಿಗೆ ಬೀಸುವುದೋ ಎಮ್ಮೆಗೆ ಬೀಸುವುದೋ ತಿಳಿಯದೆ ಎಮ್ಮೆಗೇ ಬೀಸಿದ. ಮಧ್ಯಾಹ್ನ ಎರಡೂವರೆಗೆ ಪರದೆಯ ಮೇಲೆ ಹೊಸ ವ್ಯವಸ್ಥೆ ಕಣ್ಣುಬಿಟ್ಟಿತು.

ಹದಿಮೂರನೇ ತಾರೀಕು, ಶುಕ್ರವಾರ, ಸಮಿತಿಯ ಮೂವರು ಬಂದರು. ಮೇಷ್ಟ್ರನ್ನು ಬಾಗಿಲ ಹತ್ತಿರ ನಿಲ್ಲಿಸಲಾಗಿತ್ತು. ವಿವರಿಸುವ ಹೊಣೆ ಪ್ರಿನ್ಸಿಪಾಲರದು. ಸಮಿತಿಯ ಹಿರಿಯರು ಪರದೆ ನೋಡಿ, ಇದು ಫಸ್ಟ್ ಲೆವೆಲ್ಲೋ ಸೆಕೆಂಡ್ ಲೆವೆಲ್ಲೋ ಎಂದು ಕೇಳಿದರು. ಯಜಮಾನನೋ ಗೆಸ್ಟೋ ಎಂದು ಅದರ ಅರ್ಥ.

“ಗ್ರೌಂಡ್ ಫ್ಲೋರ್ ಸಾರ್,” ಎಂದರು ಗೌರೀಶಂಕರ. “ಭಾರ ಜಾಸ್ತಿ, ಮೇಲೆ ಹತ್ತಿಸಕ್ಕಾಗಲಿಲ್ಲ.”

ಹಿರಿಯರು ಒಂದು ಕ್ಷಣ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ನೆಲ ನೋಡಿದರು. ಊಟಕ್ಕೆ ತಡವಾಗಿತ್ತು. ಲ್ಯಾಬು ಮಂಜೂರಾಯಿತು, ಹುದ್ದೆಯೂ ಮಂಜೂರಾಯಿತು.

ಸಂಜೆ ನಾಲ್ಕಕ್ಕೆ ಮೇಷ್ಟ್ರು ಪಾಸ್‌ವರ್ಡುಗಳನ್ನೂ, ಎಬ್ಬಿಸುವ ಮಲಗಿಸುವ ವಿಧಾನವನ್ನೂ ದಪ್ಪ ಅಕ್ಷರದಲ್ಲಿ ಬರೆದು, ಎಮ್ಮೆಯ ಪಕ್ಕದ ಗೋಡೆಗೆ ಅಂಟಿಸಿ, ಆಫೀಸಿಗೆ ಹೋದರು.

“ರಾಜೀನಾಮೆ ಫಾರಂ ಕೊಡಿ ಚಿಕ್ಕಲಕ್ಷ್ಮಮ್ಮನವರೇ.”

ಚಿಕ್ಕಲಕ್ಷ್ಮಮ್ಮ ಎರಡು ಡ್ರಾಯರು ತೆಗೆದರು, ಮುಚ್ಚಿದರು. ಹುಡುಕಿದ್ದು ಫಾರಮನ್ನಲ್ಲ, ಹೇಳುವ ಬಗೆಯನ್ನು.

“ನಿಮ್ಗೆ ರಾಜೀನಾಮೆ ಇಲ್ಲ ಸಾ.”

“ಇಲ್ಲ ಅಂದ್ರೆ?”

“ಅದು ಕಾಯಂ ಆದೋರ್ಗೆ. ಗೆಸ್ಟ್‌ನೋರ್ಗೆ ಬರಲ್ಲ.”

“ಮತ್ತೆ ಗೆಸ್ಟ್ ಬಿಟ್ಟು ಹೋಗೋದು ಹೇಗಮ್ಮ?”

“ಬರ್ದೇ ಇದ್ರಾಯ್ತು ಸಾ.” ಅವರ ದನಿ ಸಣ್ಣಗಾಯಿತು. “ಆ ಕಾಯಂ ಅನ್ನೋ ಮಾತು ನಾನೇ ಬರ್ಸಿದ್ದು. ನಂದೇ ತಪ್ಪು.”

“ನೀವು ಬರೆಸದೆ ಇದ್ದಿದ್ದರೆ ಇನ್ನೂ ಹತ್ತು ವರ್ಷ ಕಾಯ್ತಿದ್ದೆ. ಬಿಡಿ. ನಾಳೆಯಿಂದ ಬರಲ್ಲ.”

“ನಾಳೆ ರಜ ಸಾ. ಎರಡ್ನೇ ಶನಿವಾರ.”

“ಸೋಮವಾರದಿಂದ ಬರಲ್ಲ,” ಎಂದರು ಮೇಷ್ಟ್ರು. ಹೊರಡುವಾಗಲೂ ತಮಗೆ ಒಂದು ದಿನಾಂಕ ನೆಟ್ಟಗೆ ಸಿಗಲಿಲ್ಲವಲ್ಲ ಎಂದು ಅವರ ಮೈಯೆಲ್ಲ ಉರಿಯಿತು.

ಸೋಮವಾರ ಅವರು ಹೋಗಲಿಲ್ಲ. ಬೆಳಿಗ್ಗೆ ಏಳೂಕಾಲಕ್ಕೆ ಅಭ್ಯಾಸಬಲದಿಂದ ಶೂ ಹಾಕಿಕೊಂಡು, ಮತ್ತೆ ಬಿಚ್ಚಿದರು. ವಸಂತ ಎರಡನೇ ಲೋಟ ಕಾಫಿ ತಂದಿಟ್ಟು ಶಾಲೆಗೆ ಹೊರಟರು. ಫೋನನ್ನು ಮೇಷ್ಟ್ರು ಜಗಲಿಯ ಮೇಲೆ ಕಣ್ಣಿಗೆ ಬೀಳುವಂತೆ ಇಟ್ಟುಕೊಂಡು ಕೂತರು. ಯಾರಾದರೂ ಕರೆದರೆ ಏನು ಹೇಳಬೇಕೆಂದು ಭಾನುವಾರವೆಲ್ಲ ಯೋಚಿಸಿಟ್ಟುಕೊಂಡಿದ್ದರು. ಎರಡು ಕಟು ಮಾತು, ಒಂದು ಒಳ್ಳೆಯ ಶ್ಲೇಷೆ.

ಫೋನು ಬಂದದ್ದು ಬುಧವಾರ, ಅದೂ ಚಿಕ್ಕಲಕ್ಷ್ಮಮ್ಮನವರಿಂದ, ಕಪಾಟಿನ ಬೀಗದಕೈ ಎಲ್ಲಿ ಎಂದು ಕೇಳಲು. ಕಿಟಕಿಯ ಮೇಲೆ ಎಂದರು ಮೇಷ್ಟ್ರು. ಆಮೇಲೆ ತಡೆಯಲಾರದೆ ಕೇಳಿದರು:

“ನನ್ನ ಕ್ಲಾಸು ಯಾರು ತಗೋತಿದಾರೆ?”

“ನುಗ್ಗೇಹಳ್ಳಿ ಕಡೇದೊಂದು ಹೆಣ್ಮಗು ಸಾ, ಇಂಚರ ಅಂತ. ನಿನ್ನೆ ಬಂದ್ಳು.”

“ಟೈಮ್ ಟೇಬಲ್ ಬದಲಾಯಿಸಿದ್ರಾ?”

ಆ ಕಡೆ ಕಪಾಟಿನ ಬಾಗಿಲು ತೆರೆದ ಸದ್ದಾಯಿತು.

“ಬದಲಾಯ್ಸೋ ಅಂಗೇ ಇರ್ನಿಲ್ಲ ಸಾ. ಅದ್ರಾಗೆ ನಿಮ್ಮೆಸ್ರು ಎಲ್ಲಿತ್ತು? ‘ಅತಿಥಿ ನಾಲ್ಕು’ ಅಂತ ಐತೆ. ಅದೇ ನಡೀತೈತೆ.”